ಓದುವಾಗ ಮಾತ್ರ ಹಾರುವ ದವಡೆ

ಜೂನ್ ಹದಿನಾಲ್ಕು, ಶನಿವಾರ, ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷ. ಪೀಣ್ಯದ ನಮ್ಮ ವಠಾರದ ಓಣಿಯಲ್ಲಿ ಕೂತು ನಾನು ಗಟ್ಟಿಯಾಗಿ ಒಂದು ಕಾದಂಬರಿ ಓದುತ್ತಿದ್ದೆ. ಒಂದು ಸಾಲಿನ ನಡುವೆ ನನ್ನ ಕೆಳದವಡೆ ತಾನಾಗಿಯೇ ಮೇಲಕ್ಕೆ ಹಾರಿತು. ಹಲ್ಲಿಗೆ ಹಲ್ಲು ಬಡಿದು ಟಕ್ ಎಂದಿತು. ಮುಂದಿನ ಪದ ಬಾಯಲ್ಲೇ ಉಳಿಯಿತು.

ಹೊತ್ತು ಇಷ್ಟು ಸರಿಯಾಗಿ ಗೊತ್ತಿರುವುದಕ್ಕೆ ಕಾರಣವಿದೆ. ಒಂಬತ್ತನೇ ತರಗತಿಯಿಂದ ನಾನು ಓದಿದ್ದನ್ನೆಲ್ಲ ಬರೆದಿಡುತ್ತೇನೆ: ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಪುಸ್ತಕ, ಎಲ್ಲಿಂದ ಎಲ್ಲಿಗೆ, ಹೇಗನ್ನಿಸಿತು. ಅವತ್ತಿನ ಸಾಲಿನ ಪಕ್ಕದಲ್ಲಿ ‘ದವಡೆ ಟಕ್, ಒಂದು ಸಲ’ ಎಂದಿದೆ. ಅದು ಕಾಯಿಲೆಯ ಮೊದಲ ದಿನ ಎಂದು ಆಗ ಗೊತ್ತಿರಲಿಲ್ಲ. ಆಗ ನನಗೆ ಹದಿನೇಳು, ಎರಡನೇ ಪಿಯುಸಿ ಆಗಷ್ಟೇ ಶುರುವಾಗಿತ್ತು. ಇದೇ ಕಾಯಿಲೆ ಇರುವ ಇನ್ನೊಬ್ಬರನ್ನು ನಾನು ಈವರೆಗೆ ಕಂಡಿಲ್ಲ. ಎಲ್ಲೋ ಒಬ್ಬರು ಪುಸ್ತಕ ಹಿಡಿದು, ತುಟಿ ಬಿಗಿದುಕೊಂಡು, ಯಾರಿಗೂ ಹೇಳದೆ ಕೂತಿರಬಹುದು ಎಂದು ಇದನ್ನು ಬರೆಯುತ್ತಿದ್ದೇನೆ. ಒಂದೇ ಸಲಕ್ಕೆ ಬರೆದದ್ದಲ್ಲ. ಬರೆದದ್ದನ್ನು ಪೂರ್ತಿ ತಿರುಗಿ ಓದಿಯೂ ಇಲ್ಲ. ಯಾಕೆಂದು ಮುಂದೆ ತಿಳಿಯುತ್ತದೆ.

ಗಟ್ಟಿಯಾಗಿ ಓದುವುದು ನಮ್ಮ ವಠಾರದ ರೂಢಿ. ಅಪ್ಪ ಹತ್ತಿರದ ಕಾರ್ಖಾನೆಯಲ್ಲಿ ಮಷಿನ್ ಆಪರೇಟರ್. ಅಮ್ಮ ಮತ್ತು ಅಕ್ಕಪಕ್ಕದ ಹೆಂಗಸರು ಮನೆಯಲ್ಲೇ ಕೂತು ರಬ್ಬರ್ ವಾಷರ್ ಕತ್ತರಿಸುತ್ತಾರೆ. ಅಚ್ಚಿನಿಂದ ಬಂದ ವಾಷರಿನ ಅಂಚಿಗೆ ತೆಳ್ಳಗಿನ ಪೊರೆ ಅಂಟಿಕೊಂಡಿರುತ್ತದೆ. ಅದನ್ನು ಚಿಕ್ಕ ಕತ್ತರಿಯಿಂದ ಸುತ್ತಲೂ ತೆಗೆಯಬೇಕು. ಕಣ್ಣಿಗೂ ಕೈಗೂ ಕೆಲಸ, ಕಿವಿ ಮಾತ್ರ ಖಾಲಿ. ಫೋನಿನಲ್ಲಿ ಧಾರಾವಾಹಿ ಹಾಕಿದರೆ ಕಣ್ಣು ಅತ್ತ ಹೋಗಿ ಬೆರಳು ಕತ್ತರಿಗೆ ಸಿಗುತ್ತದೆ. ಹಾಗಾಗಿ ನಾನು ಗ್ರಂಥಾಲಯದಿಂದ ಕಾದಂಬರಿ ತಂದು ಓದುತ್ತಿದ್ದೆ, ಅವರು ಕತ್ತರಿಸುತ್ತಾ ಕೇಳುತ್ತಿದ್ದರು.

ಎದುರು ಮನೆಯ ನೀಲವ್ವನಷ್ಟು ಆಸೆಯಿಂದ ಕೇಳುವವರು ಯಾರೂ ಇರಲಿಲ್ಲ. ಅವಳು ಬಾಗಲಕೋಟೆ ಕಡೆಯವಳು, ಅಮ್ಮನಿಗಿಂತ ಚಿಕ್ಕವಳು, ನನಗೆ ಅಕ್ಕನಂತೆ. ಗಂಡ ಕಟ್ಟಡದ ಕೆಲಸಕ್ಕೆ ಹೋಗುತ್ತಾನೆ. ನಾನು ಓದುವುದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಊರಿನಲ್ಲಿರುವ ತಂಗಿಗೆ ಕಳಿಸುತ್ತಿದ್ದಳು. ತಂಗಿ ಅಲ್ಲಿ ರೊಟ್ಟಿ ಬಡಿಯುತ್ತಾ ಕೇಳುತ್ತಾಳಂತೆ.

ಆ ಕಾದಂಬರಿಯಲ್ಲಿ ಒಬ್ಬ ದರ್ಜಿ ಹೆಂಗಸು. ಗಂಡ ಬಿಟ್ಟುಹೋಗಿದ್ದಾನೆ. ಒಂದು ದಿನ ಅವಳ ಅಂಗಡಿಗೆ ಒಬ್ಬ ಹುಡುಗಿ ಮದುವೆಯ ರವಿಕೆ ಹೊಲಿಸಲು ಬರುತ್ತಾಳೆ. ಮದುವೆಯ ಗಂಡು ಅದೇ ಗಂಡ. ಹುಡುಗಿಗೆ ಅದು ಗೊತ್ತಿಲ್ಲ. ದರ್ಜಿಗೆ ಗೊತ್ತಾಗಿದೆ, ಕೈಯಲ್ಲಿ ಟೇಪು ಹಿಡಿದು ನಿಂತಿದ್ದಾಳೆ. ಅಲ್ಲಿಗೇ ನನ್ನ ದವಡೆ ಹಾರಿದ್ದು.

“ಯಾಕ ಬೇ ತಂಗಿ, ನಿಂತಿ? ಅಳತಿ ತಗೊಂಡ್ಳೋ ಇಲ್ಲೋ?” ಎಂದು ನೀಲವ್ವ ಕೇಳಿದಳು.

“ತಗೊಂಡ್ಳು.”

“ಬಿಗಿ ಹೊಲೀಬೇಕ್ ನೋಡು ಅಕಿಗೆ. ಉಸಿರು ಸಿಗಬಾರ್ದು.”

“ಆ ಹುಡುಗಿ ಏನೇ ಮಾಡಿದ್ಳು ಪಾಪ?” ಎಂದಳು ಅಮ್ಮ. “ಹೊಲಿಯೋದಾದ್ರೆ ಅವನ ಬಾಯಿ ಹೊಲೀಲಿ.”

ಎಲ್ಲರೂ ನಕ್ಕರು. ಆ ನಗುವಿನಲ್ಲಿ ನನ್ನ ಟಕ್ ಮುಳುಗಿಹೋಯಿತು.

ಮುಂದಿನ ವಾರಗಳಲ್ಲಿ ಅದು ಹೆಚ್ಚಿತು. ಒಂದು ಪುಟಕ್ಕೆ ಒಂದು ಟಕ್, ಕೆಲವು ದಿನ ಮೂರು. ಓದದಿರುವಾಗ ಏನೂ ಇಲ್ಲ. ಊಟ ಮಾಡುವಾಗ, ಹರಟುವಾಗ, ಜಗಳವಾಡುವಾಗ ಏನೂ ಇಲ್ಲ. ನಾನು ತಮಾಷೆ ಮಾಡುತ್ತಿದ್ದೇನೆ ಎಂದು ಅಮ್ಮ ಬೈದಳು. ಮಹಡಿಯ ಮೇಲಿರುವ ಮನೆ ಯಜಮಾನಿ ಸಾಕಮ್ಮನವರು ಇಣುಕಿ, “ಬುದ್ಧಿ ಅಲ್ಲು ಬರ್ತೈತೆ ಕಣೆ, ಅದ್ಕೇ ಅಂಗಾಯ್ತದೆ” ಎಂದರು. ಹಲ್ಲಿನ ಡಾಕ್ಟರ ಹತ್ತಿರ ಹೋದೆವು. ಅವರು ಬಾಯಿ ಅಗಲ ತೆರೆಸಿ ನೋಡಿ ಎಲ್ಲ ಸರಿಯಿದೆ ಎಂದರು. ಬಾಯಿ ತೆರೆದುಕೊಂಡು ಓದಲು ಆಗುವುದಿಲ್ಲವಲ್ಲ, ಅವರಿಗೆ ಕಾಣುವುದಾದರೂ ಹೇಗೆ?

ಜುಲೈ ಕೊನೆಯ ಭಾನುವಾರ ಕಥೆ ಬಿಗಿಯಾಗಿತ್ತು. ರವಿಕೆ ಕತ್ತರಿಸುವ ಅಧ್ಯಾಯ. ದವಡೆ ಪದೇಪದೇ ಹಾರುತ್ತಿತ್ತು, ನಾಲಿಗೆ ಕಚ್ಚಿಕೊಂಡಿದ್ದೆ. ನಿಲ್ಲಿಸುತ್ತೇನೆ ಎಂದೆ. ನೀಲವ್ವ, “ಇನ್ನೊಂದ್ ಪುಟ ಓದ ಬೇ, ನನ್ನ ತಂಗಿ ಕಾಯಾಕತ್ತ್ಯಾಳ” ಎಂದಳು. ನನಗೂ ಬಿಡಲು ಮನಸ್ಸಿರಲಿಲ್ಲ. ಪುಟ ತಿರುಗಿಸಿದ್ದು ನೆನಪಿದೆ. ಅಕ್ಷರಗಳು ಸಾಲಿನಲ್ಲೇ ಇದ್ದವು, ಆದರೆ ಯಾವುದೂ ಪದವಾಗಲಿಲ್ಲ. ಅಲ್ಲಿಂದ ಮುಂದೆ ನನ್ನ ಬಳಿ ಏನೂ ಇಲ್ಲ.

ಉಳಿದದ್ದು ಓಣಿಯ ಹೆಂಗಸರು ಹೇಳಿದ್ದು. ನಾನು ಪಕ್ಕಕ್ಕೆ ಉರುಳಿ ಕೈಕಾಲು ಬಡಿದೆನಂತೆ. ಫಿಟ್ಸ್ ಎಂದು ಯಾರೋ ಕೂಗಿದರು. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡಬೇಕು ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಬೇರೆ ಊರಿನಲ್ಲಾದರೆ ಬೀಗದ ಕೈ ಹುಡುಕುತ್ತಿದ್ದರು. ನಮ್ಮ ಓಣಿಯಲ್ಲಿ ಎಲ್ಲರ ಕೈಯಲ್ಲೂ ಆಗಲೇ ಕಬ್ಬಿಣವಿತ್ತು. ನೀಲವ್ವ ಒಂದು ಕ್ಷಣ ಕೂಡ ತಡಮಾಡದೆ ತನ್ನ ಕತ್ತರಿಯನ್ನು ನನ್ನ ಬಲಗೈಗೆ ತುರುಕಿದಳು. ಮುಷ್ಟಿ ಬಿಗಿಯಿತು.

ಎಚ್ಚರವಾದಾಗ ಆಟೋದಲ್ಲಿದ್ದೆ. ಅಮ್ಮನ ಸೆರಗು ನನ್ನ ಅಂಗೈ ಸುತ್ತಿಕೊಂಡು ಕೆಂಪಾಗಿತ್ತು. ನೀಲವ್ವ ನನ್ನ ಪಾದ ಹಿಡಿದುಕೊಂಡು ಅಳುತ್ತಿದ್ದಳು. ನನಗೆ ಏನೂ ಅರ್ಥವಾಗಲಿಲ್ಲ. ಕೈ ನೋಯುತ್ತಿತ್ತು, ಅಷ್ಟೇ.

ಆಸ್ಪತ್ರೆಯ ತುರ್ತು ವಿಭಾಗದವರಿಗೂ ಕೈ ಮಾತ್ರ ಕಂಡಿತು. ಈ ಕಾರ್ಖಾನೆಗಳ ಕಡೆಯಿಂದ ದಿನಾ ಕತ್ತರಿಸಿದ ಕೈಗಳೇ ಬರುತ್ತವೆ.

“ಯಾವ ಫ್ಯಾಕ್ಟ್ರಿ?” ಎಂದು ಮೇಜಿನ ಹಿಂದಿದ್ದವರು ಕೇಳಿದರು.

“ಫ್ಯಾಕ್ಟ್ರಿ ಅಲ್ಲ ಸಾರ್, ಮನೇಲಿ…”

“ಮಷಿನ್ ಯಾವ್ದಮ್ಮ? ಪ್ರೆಸ್ಸಾ?”

“ಕತ್ತರಿ ಸಾರ್. ವಾಷರ್ ಕತ್ತರಿ.”

“ಹುಡುಗಿಗೆ ಎಷ್ಟು ವರ್ಷ? ಹದಿನೆಂಟು ಆಗಿಲ್ಲ ಅಲ್ವಾ? ಯಾರು ಕೆಲಸಕ್ಕೆ ಇಟ್ಕೊಂಡಿರೋದು?”

ಅಮ್ಮ ಹೆದರಿಬಿಟ್ಟಳು. “ಕೆಲಸಕ್ಕೆ ಹಾಕಿಲ್ಲ ಸಾರ್, ಕಾಲೇಜು ಓದ್ತಾಳೆ, ದೇವರಾಣೆ ಓದ್ತಾ ಇದ್ಳು” ಎಂದು ಅದನ್ನೇ ಮತ್ತೆಮತ್ತೆ ಹೇಳಿದಳು. ಓದುತ್ತಾ ಇದ್ದವಳ ಕೈಗೆ ಕತ್ತರಿ ತಗುಲಿತು ಎಂದರೆ ಯಾರೂ ನಂಬಲಿಲ್ಲ. ಮಗಳನ್ನು ದುಡಿಮೆಗೆ ಹಚ್ಚಿಲ್ಲ ಎಂದು ಸಾಬೀತು ಮಾಡುವ ಗಡಿಬಿಡಿಯಲ್ಲಿ ಫಿಟ್ಸ್ ಎಂಬ ಪದ ಅಮ್ಮನ ಬಾಯಿಂದ ಹೊರಬರಲೇ ಇಲ್ಲ. ಅಂಗೈಗೆ ಏಳು ಹೊಲಿಗೆ ಹಾಕಿ, ಚುಚ್ಚುಮದ್ದು ಕೊಟ್ಟು ಕಳಿಸಿದರು.

ಹೊಲಿಗೆ ಬಿಚ್ಚಿಸಲು ಹೋದದ್ದು ನಮ್ಮ ಬೀದಿಯ ಕ್ಲಿನಿಕ್ಕಿಗೆ. ಅಲ್ಲಿಯ ಡಾಕ್ಟರ್ ದಾರ ಎಳೆಯುತ್ತಾ ಸುಮ್ಮನೆ ಕೇಳಿದರು: “ಕತ್ತರಿ ಕೈಗೆ ಯಾಕೆ ಬಂತು?” ಅಷ್ಟು ದಿನಗಳಲ್ಲಿ ಆ ಪ್ರಶ್ನೆ ಕೇಳಿದವರು ಅವರೊಬ್ಬರೇ. ನಾನು ಹೇಳಿದೆ. ಅವರು ದಾರ ಬಿಟ್ಟು ನನ್ನ ಮುಖ ನೋಡಿದರು. ನಂತರ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದರು.

ಈ ನಡುವೆ ಅಮ್ಮ ಕಾದಂಬರಿಯನ್ನು ಗ್ರಂಥಾಲಯಕ್ಕೆ ಹಿಂತಿರುಗಿಸಿ, ನನ್ನ ಉಳಿದ ಪುಸ್ತಕಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಳು. ಕಾಲೇಜಿಗೂ ರಜೆ. ಓದದೆ ಕೂತ ಆ ದಿನಗಳ ಬಗ್ಗೆ ಏನು ಬರೆಯಲಿ? ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಬಾಗಿಲಿಗೆ ಹೋಗುವುದು, ಬರುವುದು. ಅಕ್ಕಿ ಚೀಲದ ಮೇಲಿನ ಅಕ್ಷರ, ಶಾಂಪೂ ಚೀಟಿಯ ಹಿಂಭಾಗ, ಗೋಡೆ ಕ್ಯಾಲೆಂಡರಿನ ರಾಹುಕಾಲ, ಕಣ್ಣಿಗೆ ಬಿದ್ದದ್ದನ್ನೆಲ್ಲ ಓದುತ್ತಿದ್ದೆ. ಅವುಗಳಿಂದ ದವಡೆಗೆ ಏನೂ ಆಗಲಿಲ್ಲ. ಹಸಿವಿದ್ದವಳಿಗೆ ಒಂದೊಂದೇ ಅಗುಳು ಕೊಟ್ಟ ಹಾಗೆ.

ದೊಡ್ಡ ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಅಮ್ಮ ನನ್ನ ಪಕ್ಕ ಕೂತು ಕೈಚೀಲವನ್ನು ಎದೆಗವಚಿಕೊಂಡಿದ್ದಳು. ಪಕ್ಕದ ಸಾಲಿನ ಹೆಂಗಸು, “ನಿಮ್ಗೇನಕ್ಕ?” ಎಂದು ಕೇಳಿದರು. ಅಮ್ಮ, “ಮಗಳಿಗೆ ತಲೆನೋವು” ಎಂದಳು. ನನಗೆ ಮುಖ ಬಿಸಿಯಾಯಿತು.

ಆ ಹೆಂಗಸು ಅಮ್ಮನ ಕೈ ನೋಡಿ, “ತಲೆನೋವಿಗೆ ಬೀಗದ ಕೈ ಯಾಕಕ್ಕ ಹಿಡ್ಕೊಂಡಿದೀರಾ?” ಎಂದರು. ನೋಡಿದರೆ ಅಮ್ಮನ ಮುಷ್ಟಿಯಲ್ಲಿ ಮನೆಯ ಬೀಗದ ಕೈ ಗೊಂಚಲು. ಬೆಳಗ್ಗೆ ಬಸ್ಸು ಹತ್ತಿದಾಗಿನಿಂದ ಹಿಡಿದೇ ಇದ್ದಳಂತೆ, ದಾರಿಯಲ್ಲಿ ನನಗೇನಾದರೂ ಆದರೆ ಎಂದು. ಆ ಹೆಂಗಸು ತಮ್ಮ ಚೀಲ ತೆರೆದು ಒಂದು ಹಳೆಯ ಬಾಗಿಲ ಚಿಲಕ ತೋರಿಸಿದರು. ಅವರ ಹಿಂದಿನ ಸಾಲಿನ ಅಜ್ಜ ಜೇಬಿನಿಂದ ದೊಡ್ಡ ನಟ್ಟು ತೆಗೆದರು. ಅಮ್ಮ ನಕ್ಕು, ನಂತರ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವತ್ತಿನಿಂದ ಅವಳು ತಲೆನೋವು ಎಂದು ಹೇಳಿಲ್ಲ.

ತಲೆಗೆ ಅಂಟು ಹಚ್ಚಿ ವೈರುಗಳನ್ನು ಕೂರಿಸಿ ಪರೀಕ್ಷೆ ಮಾಡಿದರು. ಕಣ್ಣು ಮುಚ್ಚು, ತೆರೆ, ಜೋರಾಗಿ ಉಸಿರೆಳೆ. ಎಲ್ಲ ಸರಿಯಾಗಿದೆ ಎಂದು ಬಂತು. ನನಗೆ ಸಂತೋಷವಾಗಲಿಲ್ಲ, ಸಿಟ್ಟು ಬಂತು. ಅಲ್ಲೂ ನನಗೆ ಓದಲು ಯಾರೂ ಹೇಳಿರಲಿಲ್ಲ.

ಡಾಕ್ಟರ್ ಮಧ್ಯವಯಸ್ಸಿನವರು, ಮೆಲ್ಲಗೆ ಮಾತಾಡುವವರು. ಓದುವಾಗ ಮಾತ್ರ ಟಕ್ ಎನ್ನುತ್ತದೆ ಎಂದರೆ ಹುಬ್ಬೇರಿಸಿದರು. “ಯಾರಾದ್ರೂ ವಿಡಿಯೊ ಮಾಡಿದಾರಾ?” ಎಂದು ಕೇಳಿದರು. ನಮ್ಮ ಜೊತೆ ಬಂದು ಬಾಗಿಲಲ್ಲೇ ನಿಂತಿದ್ದ ನೀಲವ್ವ, “ವಿಡಿಯೊ ಇಲ್ರಿ ಮೇಡಂ. ಕತಿ ಐತ್ರಿ” ಎಂದು ಫೋನು ಮುಂದೆ ಹಿಡಿದಳು.

ಡಾಕ್ಟರ್ ಕಿವಿಗೆ ಫೋನಿಟ್ಟುಕೊಂಡು ದರ್ಜಿಯ ಕಥೆ ಕೇಳಿದರು. ನನ್ನ ದನಿ, ಹೆಂಗಸರ ನಗು, ಕತ್ತರಿಗಳ ಸದ್ದು, ಅದರ ನಡುವೆ ಟಕ್. ಇನ್ನೊಂದು ಟಕ್. ಅವರು ಇನ್ನೊಂದು ರೆಕಾರ್ಡಿಂಗ್ ಹಾಕಿಸಿದರು. ಮೊದಲ ಸಲ ಯಾರೋ ನನ್ನ ಟಕ್ ಅನ್ನು ನಗದೆ ಕೇಳಿಸಿಕೊಂಡರು.

“ಪರೀಕ್ಷೆ ಇನ್ನೊಂದ್ಸಲ ಮಾಡೋಣ. ಈ ಸಲ ಓದ್ತಾ ಮಾಡೋಣ. ಅದೇ ಪುಸ್ತಕ ತನ್ನಿ” ಎಂದರು.

ಅಮ್ಮ ನನ್ನನ್ನು ನೋಡಲಿಲ್ಲ. ಮನೆಗೆ ಪುಸ್ತಕ ಕಾಲಿಡಬಾರದು ಎಂದಿದ್ದವಳು ಮರುದಿನ ತಾನೇ ಗ್ರಂಥಾಲಯಕ್ಕೆ ಹೋದಳು. ಪುಸ್ತಕದ ಹೆಸರು ನೆನಪಿರಲಿಲ್ಲವಂತೆ. “ಗಂಡನ ಮದುವೆ ರವಿಕೆ ಹೊಲಿಯೋ ಹೆಂಗಸಿನ ಬುಕ್ಕು ಕೊಡಿ ಸಾರ್” ಎಂದು ಕೇಳಿ ತಂದಳು. ಪರೀಕ್ಷೆಯ ದಿನ ಅದನ್ನು ಊಟದ ಡಬ್ಬಿಯ ಚೀಲದಲ್ಲಿ, ಟವೆಲ್ ಸುತ್ತಿ, ಬಾಂಬಿನ ಹಾಗೆ ಹೊತ್ತುಕೊಂಡು ಬಂದಳು.

ವೈರುಗಳನ್ನು ಹೊತ್ತು ಮಂಚದ ಮೇಲೆ ಕೂತು ಗಟ್ಟಿಯಾಗಿ ಓದಿದೆ. ಪರೀಕ್ಷೆ ಮಾಡುವ ಅಕ್ಕ ಪರದೆ ನೋಡುತ್ತಿದ್ದರು. ಮೊದಲ ಪುಟ ಏನೂ ಇಲ್ಲ. ಹೆದರಿಕೆಯಾಯಿತು, ಫಿಟ್ಸ್ ಬರುತ್ತದೆಂದಲ್ಲ, ಬರದಿದ್ದರೆ ಏನು ಗತಿ ಎಂದು. ಎರಡನೇ ಪುಟದ ಕೊನೆಯಲ್ಲಿ ಟಕ್. ಮತ್ತೆ ಟಕ್.

“ಸಾಕು, ನಿಲ್ಲಿಸು. ಸಿಕ್ತು” ಎಂದರು ಅವರು. ವೈರು ಬಿಚ್ಚುವಾಗ ಬಗ್ಗಿ ಮೆಲ್ಲಗೆ ಕೇಳಿದರು: “ಆಮೇಲೆ ರವಿಕೆ ಹೊಲಿದ್ಲಾ?”

“ಗೊತ್ತಿಲ್ಲ ಅಕ್ಕ. ಅಲ್ಲಿಗೇ ಬಿದ್ದುಹೋದೆ.”

ಓದಿದರೆ ಬರುವ ಫಿಟ್ಸ್. ಅಪರೂಪ, ಆದರೆ ಇದೆ ಎಂದರು ಡಾಕ್ಟರ್. ಬೆಳಗ್ಗೆ ರಾತ್ರಿ ಮಾತ್ರೆ ಬರೆದರು. ಕೈಗೆ ಏನನ್ನೂ ಕೊಡಬೇಡಿ, ಪಕ್ಕಕ್ಕೆ ಮಲಗಿಸಿ, ಸುತ್ತಲಿನ ಸಾಮಾನು ಸರಿಸಿ ಎಂದು ನೀಲವ್ವನಿಗೆ ಎರಡು ಸಲ ಹೇಳಿದರು. ಅವಳು ತಲೆ ತಗ್ಗಿಸಿಕೊಂಡೇ ಕೇಳಿದಳು. ಅಮ್ಮ ಒಂದೇ ಪ್ರಶ್ನೆ ಕೇಳಿದಳು: “ಹಾಗಾದ್ರೆ ಓದು ಬಿಡಿಸ್ಬೇಕಾ ಮೇಡಂ?”

“ಬೇಡಮ್ಮ. ಗಟ್ಟಿಯಾಗಿ ಓದೋದು ಸದ್ಯಕ್ಕೆ ಬೇಡ. ಮನಸ್ಸಲ್ಲೇ ಓದ್ಲಿ. ಟಕ್ ಅಂದ ತಕ್ಷಣ ಪುಸ್ತಕ ಮುಚ್ಬೇಕು. ಇನ್ನೊಂದು ಸಾಲು ಅನ್ಬಾರ್ದು.”

ಓದು ಬಿಡಿಸುವುದು ಬೇಡ ಎಂದದ್ದು ಅಮ್ಮನಿಗೆ ರುಚಿಸಲಿಲ್ಲ. ಅವಳ ಲೆಕ್ಕ ಸರಳ: ಓದಿನಿಂದ ಬರುವ ಕಾಯಿಲೆಗೆ ಓದು ಬಿಡುವುದೇ ಔಷಧಿ. ಸಾಕಮ್ಮನವರೂ ಕೆಳಗಿಳಿದು ಬಂದು ಸೇರಿಸಿದರು: “ಯಾಕವ್ವ ವದ್ದಾಡ್ತೀಯ? ಕಾಲೇಜು ಬುಡ್ಸು. ಓದ್ದೆ ಇದ್ರೆ ಉಸಾರಾಗಿ ಇರ್ತಾಳೆ ಅಂತ ಡಾಕ್ಟ್ರೇ ಯೋಳವ್ರಲ್ಲ. ಯಾರ್ಗೂ ಯೋಳ್ದಂಗೆ ಒಂದು ಗಂಡು ನೋಡು.” ಅವರು ಕೆಟ್ಟವರಲ್ಲ. ನಾನು ಆಸ್ಪತ್ರೆಗೆ ಹೋದ ದಿನಗಳಲ್ಲೆಲ್ಲ ನಮ್ಮ ಮನೆಗೆ ಮುದ್ದೆ ಸಾರು ಕಳಿಸಿದವರು. ಅದಕ್ಕೇ ಅವರ ಮಾತಿಗೆ ಇನ್ನೂ ಹೆಚ್ಚು ಹೆದರಿದೆ.

ಅವತ್ತು ಸಂಜೆ ಅಮ್ಮ ಕಾಲೇಜಿನ ವಿಷಯ ಅಪ್ಪನ ಮುಂದಿಟ್ಟಳು. ಅಪ್ಪ ಮಾತು ಕಡಿಮೆಯ ಮನುಷ್ಯ. ತಟ್ಟೆಯಲ್ಲಿ ಕೈಯಿಟ್ಟುಕೊಂಡೇ ಕೇಳಿದರು. ನಾನು ಬಾಗಿಲ ಬಳಿ ನಿಂತು ಚಪ್ಪಲಿ ಹಾಕುವುದು, ತೆಗೆಯುವುದು ಮಾಡುತ್ತಿದ್ದೆ.

“ಮಷಿನ್ ಸೌಂಡ್ ಬದಲಾದ್ರೆ ನಾವೇನ್ ಮಾಡ್ತೀವಿ ಗೊತ್ತಾ? ಆಫ್ ಮಾಡ್ತೀವಿ. ತಣ್ಣಗಾದ್ಮೇಲೆ ಮತ್ತೆ ಆನ್ ಮಾಡ್ತೀವಿ. ಸೌಂಡ್ ಬಂತು ಅಂತ ಮಷಿನ್ನೇ ಕಿತ್ತು ಹೊರಗೆ ಹಾಕಲ್ಲ” ಎಂದರು ಅಪ್ಪ.

“ಅವಳು ಮಷಿನ್ನಲ್ಲ ಕಣ್ರೀ, ಮಗಳು!”

“ಅದಕ್ಕೇ ಹೇಳ್ತಿರೋದು.”

ಬೀರುವಿನ ಬೀಗದ ಕೈ ಅಮ್ಮನ ಸೊಂಟದಲ್ಲೇ ಉಳಿಯಿತು. ನಾಲ್ಕನೇ ದಿನ ಬೆಳಗ್ಗೆ ನನ್ನ ಭೌತಶಾಸ್ತ್ರದ ಪುಸ್ತಕ ಚೀಲದಲ್ಲಿತ್ತು. ಕಾದಂಬರಿ ಬರಲು ಇನ್ನೂ ಒಂದು ತಿಂಗಳು ಹಿಡಿಯಿತು.

ಮಾತ್ರೆಯಿಂದ ಟಕ್ ಕಡಿಮೆಯಾಗಿದೆ, ನಿಂತಿಲ್ಲ. ದೊಡ್ಡ ಫಿಟ್ಸ್ ಮತ್ತೆ ಬಂದಿಲ್ಲ. ಮಾತ್ರೆ ಶುರುವಾದಾಗ ಸಿಡುಕು ಬಂದಿತ್ತು. ತೊಳೆದ ತಟ್ಟೆಯ ಸದ್ದಿಗೂ ರೇಗುತ್ತಿದ್ದೆ. ಈಗ ಸ್ವಲ್ಪ ವಾಸಿ. ಯಾವ ಪುಸ್ತಕಕ್ಕೆ ಎಷ್ಟು ಟಕ್ ಎಂದು ಬರೆದಿಡುತ್ತೇನೆ. ನನ್ನ ದವಡೆಗೆ ಒಳ್ಳೆಯ ಪುಸ್ತಕ ಯಾವುದೆಂದು ಗೊತ್ತಾಗುತ್ತದೆ ಎಂದು ಅಪ್ಪ ತಮಾಷೆ ಮಾಡುತ್ತಾರೆ. ಹಾಗೆಂದು ನಂಬಬೇಕೆಂದು ನನಗೂ ಆಸೆ. ಆದರೆ ಬೇಸರದ ಪಾಠಗಳಿಗೂ ಅದು ಹಾರಿದೆ, ಇಷ್ಟದ ಕಥೆಗೆ ಕೆಲವು ಸಲ ಸುಮ್ಮನಿದೆ. ಕನ್ನಡ ವೇಗವಾಗಿ ಓದಿದರೆ ಬೇಗ ಬರುತ್ತದೆ. ಇಂಗ್ಲಿಷ್ ತಡವರಿಸಿ ಓದುವುದರಿಂದಲೋ ಏನೋ, ತಡವಾಗಿ ಬರುತ್ತದೆ. ಲೆಕ್ಕ ಮಾಡುವಾಗ ಬರುವುದೇ ಇಲ್ಲ. ನಾನು ಲೆಕ್ಕದಲ್ಲಿ ದಡ್ಡಿ.

ಓದಿನ ಬಗ್ಗೆಯೇ ನನ್ನ ಯೋಚನೆ ಬದಲಾಗಿದೆ. ನಾನು ಓದಿದ ಕಥೆಗಳಲ್ಲಿ ಫಿಟ್ಸ್ ಇರುವವರು ಇಬ್ಬರೇ ಸಿಕ್ಕಿದ್ದರು. ಒಬ್ಬಳು ಮದುವೆಯ ಮಂಟಪದಲ್ಲಿ ಬೀಳುತ್ತಾಳೆ, ಎಲ್ಲರಿಗೂ ಗುಟ್ಟು ತಿಳಿಯುತ್ತದೆ. ಇನ್ನೊಬ್ಬ ಕೆರೆಯಲ್ಲಿ ಮುಳುಗುತ್ತಾನೆ. ಬೆಳಗ್ಗೆ ತಿಂಡಿ ತಿಂದು ಮಾತ್ರೆ ನುಂಗಿ ಬಸ್ಸು ಹತ್ತುವವರು ಯಾವ ಕಥೆಯಲ್ಲೂ ಸಿಗಲಿಲ್ಲ. ಮೊದಲು ಆ ಅಧ್ಯಾಯಗಳನ್ನು ಕಣ್ಣೀರು ಸುರಿಸಿ ಓದಿದ್ದೆ. ಈಗ ಅವುಗಳ ಮೇಲೆ ಕೋಪ.

ಇನ್ನೊಂದು ಕಷ್ಟ, ಮುಳುಗಿ ಓದುವುದು ಹೋಯಿತು. ಪುಸ್ತಕದೊಳಗೆ ಇಳಿಯುವಾಗ ಒಂದು ಕಿವಿಯನ್ನು ಹೊರಗೆ ಬಿಟ್ಟಿರಬೇಕು, ದವಡೆಯ ಕಾವಲಿಗೆ. ಟಕ್ ಎಂದರೆ ಮುಚ್ಚಬೇಕು, ಯಾರು ಸಾಯುತ್ತಿದ್ದರೂ, ಯಾರು ಬಾಗಿಲು ತಟ್ಟುತ್ತಿದ್ದರೂ. ಎದ್ದು ನೀರು ಕುಡಿಯುತ್ತೇನೆ, ಓಣಿಯಲ್ಲಿ ಓಡಾಡುತ್ತೇನೆ. ಆ ಬಾಗಿಲು ನನ್ನ ತಲೆಯಲ್ಲಿ ತಟ್ಟುತ್ತಲೇ ಇರುತ್ತದೆ.

ಕಾದಂಬರಿ ಮುಗಿಸಿದ್ದು ನೀಲವ್ವ. ಅವಳು ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳು. ಕತ್ತರಿಯ ಘಟನೆಯಾದ ಮೇಲೆ ನಮ್ಮ ಓಣಿಯಲ್ಲಿ ಕಥೆ ನಿಂತುಹೋಗಿತ್ತು. ಹೆಂಗಸರು ಸುಮ್ಮನೆ ಕೂತು ಕತ್ತರಿಸುತ್ತಿದ್ದರು. ಒಂದು ದಿನ ಅವಳು ಪುಸ್ತಕ ಕೇಳಿ ತೆಗೆದುಕೊಂಡು, ಮೊಣಕಾಲ ಮೇಲಿಟ್ಟು, ಬೆರಳಿಟ್ಟು ಶುರು ಮಾಡಿದಳು. “ಅ…ವ…ಳು… ಬಟ್ಟಿ…”

“ಬಟ್ಟೆ,” ಎಂದೆ.

“ನಮ್ಮ ಕಡಿ ಬಟ್ಟಿನ. ನೀ ಸುಮ್ಕ ಕೂಡು.”

ನನ್ನ ಕೈಗೆ ಕತ್ತರಿ ಕೊಟ್ಟರು. ನಾನು ವಾಷರ್ ಕತ್ತರಿಸುತ್ತಾ ಕೇಳಿದೆ. ಅದು ನರಕ. ಒಂದು ಸಾಲಿಗೆ ಒಂದು ಯುಗ. ಮುಂದಿನ ಪದ ನನಗೆ ಕಾಣುತ್ತಿತ್ತು, ಕಸಿದುಕೊಂಡು ಓದಿಬಿಡಬೇಕು ಅನ್ನಿಸುತ್ತಿತ್ತು. ಅವಳ ಭುಜದ ಮೇಲಿಂದ ಕದ್ದು ಓದಿದೆ. ಟಕ್.

ಇಡೀ ಓಣಿ ತಿರುಗಿ ನೋಡಿತು. “ಕಳ್ಳಿ!” ಎಂದಳು ಅಮ್ಮ. ನನ್ನನ್ನು ಆ ತುದಿಗೆ, ಗೋಡೆಗೆ ಮುಖ ಮಾಡಿ ಕೂರಿಸಿದರು.

ಗೋಡೆ ನೋಡುತ್ತಾ ಕೊನೆಯ ಅಧ್ಯಾಯ ಕೇಳಿದೆ. ಮುಗಿಯಲು ಎಂಟು ಮಧ್ಯಾಹ್ನ ಬೇಕಾಯಿತು. ದರ್ಜಿ ರವಿಕೆಯನ್ನು ಬಿಗಿಯಾಗಿ ಹೊಲಿಯಲಿಲ್ಲ. ಅಳತೆಗೆ ಸರಿಯಾಗಿ ಹೊಲಿದು, ಒಳಗಡೆ ಎರಡು ಬೆರಳಷ್ಟು ಬಟ್ಟೆ ಮಡಿಚಿ ಬಿಟ್ಟಳು, ಮುಂದೆ ಹುಡುಗಿ ಮೈ ತುಂಬಿಕೊಂಡರೆ ಬಿಚ್ಚಿಕೊಳ್ಳಲಿ ಎಂದು. ನಾನೇ ಓದಿದ್ದರೆ ಆ ಸಾಲನ್ನು ದಾಟಿ ಮದುವೆಮನೆಗೆ ಓಡಿರುತ್ತಿದ್ದೆ. ನೀಲವ್ವ ಅದರ ಮೇಲೆ ಬೆರಳಿಟ್ಟು ಎರಡು ಸಲ ಓದಿದಳು. ಕತ್ತರಿಗಳು ನಿಂತವು.

“ಹುಚ್ಚಿ ಅಕಿ” ಎಂದಳು ನೀಲವ್ವ. ಮೂಗು ಒರೆಸಿಕೊಂಡು ರೆಕಾರ್ಡಿಂಗ್ ಆಫ್ ಮಾಡಿದಳು.

ಈಗ ಫೆಬ್ರವರಿ. ಪರೀಕ್ಷೆ ಹತ್ತಿರದಲ್ಲಿದೆ. ಹೆಚ್ಚಿನ ಸಮಯ ಕೊಡಿಸಲು ಕಾಲೇಜಿನಲ್ಲಿ ಅರ್ಜಿ ಹಾಕಿದ್ದೇನೆ, ಉತ್ತರ ಬಂದಿಲ್ಲ. ದಿನಾ ಹೋಗಿ ಕೇಳುತ್ತೇನೆ. ನಿಮಗೆ ಅಥವಾ ನಿಮ್ಮವರಿಗೆ ಓದುವಾಗ ದವಡೆ ಹಾರುತ್ತಿದ್ದರೆ ದಯವಿಟ್ಟು ತಿಳಿಸಿ. ವಯಸ್ಸಾದ ಹಾಗೆ ಕಡಿಮೆಯಾಯಿತೇ? ಪ್ರಶ್ನೆಪತ್ರಿಕೆಯನ್ನು ಹೇಗೆ ಓದಿದಿರಿ? ಒಂದು ಪುಸ್ತಕವನ್ನು ಒಂದೇ ಗುಕ್ಕಿನಲ್ಲಿ ಮತ್ತೆ ಎಂದಾದರೂ ಓದಿದಿರಾ? ಈ ಕಾಯಿಲೆಗೆ ಚಿಕಿತ್ಸೆ ಕೊಟ್ಟ ಡಾಕ್ಟರುಗಳೂ ಬರೆಯಬಹುದು. ಇದನ್ನು ಅಚ್ಚು ಹಾಕಿದ ಪತ್ರಿಕೆಯವರು ನನಗೆ ತಲುಪಿಸುತ್ತಾರೆ.

ಒಂದೇ ಮನವಿ, ಪತ್ರ ಒಂದು ಪುಟ ಮೀರದಿರಲಿ. ಮೀರಿದರೆ ಉಳಿದದ್ದನ್ನು ನೀಲವ್ವ ಗಟ್ಟಿಯಾಗಿ ಓದಿಕೊಡುತ್ತಾಳೆ. ಆಗ ನಿಮ್ಮ ವಿಷಯ ನಮ್ಮ ಇಡೀ ವಠಾರಕ್ಕೂ, ಬಾಗಲಕೋಟೆ ಕಡೆಯ ಒಂದು ಅಡುಗೆಮನೆಗೂ ಗೊತ್ತಾಗುತ್ತದೆ.